ಮೊದಲು ಆಸನ, ಆಮೇಲೆ ಲಗಾಮು



ವೈಟ್‌ಫೀಲ್ಡ್ ದಾಟಿ ಹೊಸಕೋಟೆ ತಾಲ್ಲೂಕಿಗೆ ಕಾಲಿಟ್ಟರೆ ಸಿಗುವ ಸಮೇತನಹಳ್ಳಿ ಈಗ ಅರ್ಧ ಹಳ್ಳಿ, ಅರ್ಧ ಪಟ್ಟಣ. ಒಂದು ಕಡೆ ರಾಗಿ ಹೊಲ, ನೀಲಗಿರಿ ತೋಪು. ಇನ್ನೊಂದು ಕಡೆ ಹೊಸ ಬಡಾವಣೆಗಳ ಕಾಂಪೌಂಡು. ಬೆಂಗಳೂರಿನ ಸುತ್ತಲಿನ ಇಂಥ ಸೀಮೆಯಲ್ಲಿ ಈಚೆಗೆ ಕುದುರೆ ಲಾಯಗಳೂ ಸವಾರಿ ಶಾಲೆಗಳೂ ಬಂದಿವೆ. ರಜಾದಿನ ಬೆಳಗಾದರೆ ಪೇಟೆಯ ಮಕ್ಕಳು ಹೆಲ್ಮೆಟ್ ಹಿಡಿದುಕೊಂಡು ಕಾರಿನಿಂದ ಇಳಿಯುತ್ತಾರೆ. ಅಷ್ಟು ಹೊತ್ತಿಗಾಗಲೇ ಕುದುರೆಗಳ ಮೈ ಉಜ್ಜಿ, ಗೊರಸು ಕೆರೆದು, ಜೀನು ಬಿಗಿದು ನಿಲ್ಲಿಸಿರುವವರು ಸೈಸ್‌ಗಳು. ಇವತ್ತಿನ ನನ್ನ ಮಾತು ಈ ಇಬ್ಬರಿಗೂ. ಶುಲ್ಕ ಕೊಟ್ಟು ಕಲಿಯಲು ಬರುವವರಿಗೆ ಎಷ್ಟೋ, ಬೆಳಗಿನಿಂದ ಸಂಜೆಯವರೆಗೆ ಕುದುರೆಯ ಜತೆಗೇ ಇದ್ದೂ ಕ್ರಮವಾಗಿ ಸವಾರಿ ಕಲಿಯುವ ಅವಕಾಶ ಸಿಗದವರಿಗೂ ಅಷ್ಟೇ.

ವಿಷಯ ಡ್ರೆಸ್ಸೇಜ್. ಅದರಲ್ಲೂ ಸವಾರ ಜೀನಿನ ಮೇಲೆ ಹೇಗೆ ಕೂರಬೇಕು, ಕುದುರೆಗೆ ಸಂಜ್ಞೆಯನ್ನು ಹೇಗೆ ಕೊಡಬೇಕು ಎಂಬುದು.

ಡ್ರೆಸ್ಸೇಜ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. 60 ಮೀಟರ್ ಉದ್ದ, 20 ಮೀಟರ್ ಅಗಲದ ಸಮತಟ್ಟಾದ ಅಂಗಳ. ಅದರ ಅಂಚಿನಲ್ಲಿ ಅಕ್ಷರಗಳ ಫಲಕಗಳು. ಕುದುರೆ ಈ ಅಕ್ಷರದಲ್ಲಿ ನಿಲ್ಲಬೇಕು, ಆ ಅಕ್ಷರದಲ್ಲಿ ಓಟ ಬದಲಿಸಬೇಕು, ಇಲ್ಲಿ ವೃತ್ತ ಹಾಕಬೇಕು, ಅಲ್ಲಿ ಓರೆಯಾಗಿ ಅಡ್ಡ ಸರಿಯಬೇಕು. ಒಂದೊಂದು ಚಲನೆಗೂ ತೀರ್ಪುಗಾರರು ಸೊನ್ನೆಯಿಂದ 10ರವರೆಗೆ ಅಂಕ ಕೊಡುತ್ತಾರೆ. ಸ್ಪರ್ಧೆಯಲ್ಲಿ ಬಾಯಿಬಿಟ್ಟು ಕುದುರೆಗೆ ಹೇಳುವಂತಿಲ್ಲ, ನಾಲಿಗೆ ಲೊಚಗುಟ್ಟಿದರೂ ಅಂಕ ಹೋಗುತ್ತದೆ. ಚೆನ್ನಾಗಿ ನಡೆದ ಸವಾರಿಯನ್ನು ನೋಡಿದವರು, ಸವಾರ ಸುಮ್ಮನೆ ಕೂತಿದ್ದಾನೆ, ಕುದುರೆ ತನ್ನಿಷ್ಟಕ್ಕೆ ಕುಣಿಯುತ್ತಿದೆ ಎಂದುಕೊಳ್ಳಬೇಕು. ಆ ಸುಮ್ಮನೆ ಕೂರುವುದೇ ವರ್ಷಗಟ್ಟಲೆ ಕಲಿಯಬೇಕಾದ ವಿದ್ಯೆ.

ಇದು ನಮಗೆ ಸಂಬಂಧವಿಲ್ಲದ ಯೂರೋಪಿನ ಶೋಕಿ ಎಂದು ತಿಳಿಯಬೇಡಿ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದರು, ವೈಯಕ್ತಿಕವಾಗಿ ಒಂದು, ತಂಡದ್ದೊಂದು. ಅವರದು ಈವೆಂಟಿಂಗ್, ಡ್ರೆಸ್ಸೇಜ್, ಬಯಲುಸವಾರಿ, ಅಡೆತಡೆ ಹಾರುವುದು ಮೂರೂ ಸೇರಿದ ಸ್ಪರ್ಧೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆಯ ಮೇಲೆ ಅವರು ಡ್ರೆಸ್ಸೇಜ್ ಮುಗಿಸಿದಾಗ ಲೆಕ್ಕಕ್ಕೆ ಬಂದದ್ದು 28 ದಂಡಾಂಕ. ಈವೆಂಟಿಂಗ್‌ನಲ್ಲಿ ನೂರರಿಂದ ಶೇಕಡಾವಾರು ಅಂಕವನ್ನು ಕಳೆದು ಉಳಿದದ್ದನ್ನು ದಂಡವೆನ್ನುತ್ತಾರೆ. ಅಂದರೆ ಅವರಿಗೆ ಸಿಕ್ಕಿದ್ದು ಶೇಕಡಾ 72. ಆ ಹಂತದಲ್ಲಿ ಜಗತ್ತಿನ ಘಟಾನುಘಟಿಗಳ ನಡುವೆ ಅವರದು ಒಂಬತ್ತನೆಯ ಸ್ಥಾನ. ಮೂರೂ ವಿಭಾಗ ಮುಗಿದಾಗ 23ನೆಯವರಾದರು. ಈ ಮಿರ್ಜಾ ಮನೆತನದ ಹಿರಿಯ ಆಗಾ ಅಲಿ ಅಸ್ಕರ್ 19ನೆಯ ಶತಮಾನದ ಮೊದಲ ಭಾಗದಲ್ಲಿ ಪರ್ಷಿಯಾದ ಷಿರಾಜ್‌ನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ. ಅವರ ಹೆಸರಿನ ರಸ್ತೆ ಇಂದಿಗೂ ನಗರದ ನಡುಮಧ್ಯದಲ್ಲಿದೆ.

ಇನ್ನು ಬರೀ ಡ್ರೆಸ್ಸೇಜ್ ವಿಚಾರಕ್ಕೆ ಬಂದರೆ 2023ರ ಸೆಪ್ಟೆಂಬರ್ 26 ನೆನಪಿಡಬೇಕಾದ ದಿನ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅನುಷ್ ಅಗರ್‌ವಾಲಾ, ಹೃದಯ್ ಛೇಡಾ, ದಿವ್ಯಾಕೃತಿ ಸಿಂಗ್, ಸುದೀಪ್ತಿ ಹಜೇಲಾ ಅವರಿದ್ದ ಭಾರತ ತಂಡ 209.205 ಅಂಕ ಪಡೆದು ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ದೇಶಕ್ಕೆ 1982ರ ದೆಹಲಿ ಕ್ರೀಡಾಕೂಟದ ನಂತರ ಬಂದ ಮೊದಲ ಚಿನ್ನ ಅದು. ಮರುವರ್ಷ ಪ್ಯಾರಿಸ್‌ನಲ್ಲಿ ಅನುಷ್, ಒಲಿಂಪಿಕ್ಸ್ ಡ್ರೆಸ್ಸೇಜ್ ಅಂಗಳಕ್ಕಿಳಿದ ಮೊದಲ ಭಾರತೀಯರಾದರು. ಆ ನಾಲ್ವರೂ ಯೂರೋಪಿನಲ್ಲಿದ್ದುಕೊಂಡು ಕಲಿತವರು. ಅಲ್ಲಿಗೆ ಹೋಗುವ ಅನುಕೂಲ ಎಲ್ಲರಿಗೂ ಇರುವುದಿಲ್ಲ, ನಿಜ. ಆದರೆ ಅಲ್ಲಿ ಮೊಟ್ಟಮೊದಲು ಕಲಿಸುವ ಪಾಠಕ್ಕೆ ವಿಮಾನ ಹತ್ತಬೇಕಾಗಿಲ್ಲ. ಅದು ಕೂರುವ ಪಾಠ.

ಒಂದು ಗಟ್ಟಿ ಕುರ್ಚಿಯ ಮೇಲೆ ಅಂಗೈಗಳನ್ನು ಕೆಳಗಿಟ್ಟುಕೊಂಡು ಕೂತು ನೋಡಿ. ಎರಡು ಮೂಳೆಗಳು ಕೈಗೆ ಒತ್ತುತ್ತವೆ. ಸವಾರನಿಗೆ ಅವೇ ಪಾದಗಳು. ಎರಡರ ಮೇಲೂ ಭಾರ ಸಮನಾಗಿರಬೇಕು. ಸೊಂಟ ಹಿಂದಕ್ಕೆ ಕುಸಿಯಲೂಬಾರದು, ಬೆನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಲೂಬಾರದು. ಪಕ್ಕದಿಂದ ನೋಡಿದವರಿಗೆ ಕಿವಿ, ಭುಜ, ಸೊಂಟ, ಹಿಮ್ಮಡಿ ನಾಲ್ಕೂ ಒಂದೇ ನೇರದಲ್ಲಿ ಕಾಣಬೇಕು. ಪರೀಕ್ಷೆ ಸುಲಭ: ಸವಾರನ ಕೆಳಗಿನಿಂದ ಕುದುರೆಯನ್ನು ಮಾಯ ಮಾಡಿದರೆ ಅವನು ನೆಲದ ಮೇಲೆ ಕಾಲೂರಿ ನಿಲ್ಲಬೇಕು. ಹಿಂದಕ್ಕೆ ಬೀಳುವಂತಿದ್ದರೆ ಅವನು ಕುದುರೆಯ ಮೇಲೂ ಕುರ್ಚಿಯಲ್ಲಿ ಕೂತ ಹಾಗೆ ಕೂತಿದ್ದಾನೆ ಎಂದೇ ಅರ್ಥ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ, ಗ್ರೀಸಿನಲ್ಲಿ ರಿಕಾಪು ಇಲ್ಲದಿದ್ದ ಕಾಲದಲ್ಲಿ, ಕ್ಸೆನೊಫನ್ ಎಂಬ ದಂಡನಾಯಕ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಪೀಠದ ಮೇಲೆ ಕೂತವನಂತೆ ಕೂರದೆ, ಕಾಲಗಲಿಸಿ ನೆಟ್ಟಗೆ ನಿಂತವನಂತೆ ಇರಬೇಕು ಎಂಬ ಬುದ್ಧಿಮಾತು ಅದರಲ್ಲೂ ಇದೆ. ಇಷ್ಟು ಶತಮಾನ ಕಳೆದರೂ ಅದನ್ನು ಯಾರೂ ತಿದ್ದಬೇಕಾಗಿ ಬಂದಿಲ್ಲ.

ಹೊಸಬರು ಭಯಕ್ಕೆ ಮೊದಲು ಮಾಡುವ ಕೆಲಸ ಮಂಡಿಯಿಂದ ಜೀನನ್ನು ಅವುಚಿಕೊಳ್ಳುವುದು. ಮಂಡಿ ಬಿಗಿದ ಕೂಡಲೇ ತೊಡೆ ಗಟ್ಟಿಯಾಗುತ್ತದೆ, ತೊಡೆ ಗಟ್ಟಿಯಾದರೆ ಆ ಎರಡು ಮೂಳೆಗಳು ಜೀನಿನಿಂದ ಮೇಲಕ್ಕೇಳುತ್ತವೆ, ಸವಾರ ಗಾಳಿಯಲ್ಲಿ ತೂಗುತ್ತಾನೆ. ಹಾಗೆ ತೂಗುವವನು ಬೀಳದಿರಲು ಹಿಡಿದುಕೊಳ್ಳುವುದು ಲಗಾಮನ್ನು. ಲಗಾಮಿನ ಇನ್ನೊಂದು ತುದಿಯಲ್ಲಿರುವುದು ಕುದುರೆಯ ಬಾಯಿ. ಕಡಿವಾಣ ಅದರ ನಾಲಿಗೆಯ ಮೇಲೆ, ಕೆಳದವಡೆಯಲ್ಲಿ ಹಲ್ಲಿಲ್ಲದ ಖಾಲಿ ಜಾಗದ ಮೇಲೆ ಕೂತಿರುತ್ತದೆ. ಅಲ್ಲಿ ಎಲುಬಿನ ಮೇಲಿರುವುದು ತೆಳುವಾದ ಚರ್ಮ ಮಾತ್ರ. ತನ್ನ ಸಮತೋಲ ಉಳಿಸಿಕೊಳ್ಳಲು ಸವಾರ ಒಂದೊಂದು ಹೆಜ್ಜೆಗೂ ಅಲ್ಲಿ ಜಗ್ಗುತ್ತಿದ್ದರೆ ಆ ಪ್ರಾಣಿ ಏನು ಮಾಡಬೇಕು? ತಲೆ ಎತ್ತುತ್ತದೆ, ಬೆನ್ನು ತಗ್ಗಿಸುತ್ತದೆ, ಬಾಯಿ ಕಳೆಯುತ್ತದೆ. ಆಗ ನಾವು ಕುದುರೆ ಹಟಮಾರಿ ಎಂದು ದೂರುತ್ತೇವೆ. ತಪ್ಪು ಲಾಯದಲ್ಲಿಲ್ಲ, ಜೀನಿನ ಮೇಲಿದೆ. ಈ ಮಾತನ್ನು ನಾನು ಬಹಳ ಗಂಭೀರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಸವಾರಿ ಶಾಲೆಗಳಲ್ಲಿ ಕುದುರೆಗಳು ಪಡುವ ಕಷ್ಟದಲ್ಲಿ ದೊಡ್ಡ ಪಾಲು ಕ್ರೌರ್ಯದಿಂದ ಬಂದದ್ದಲ್ಲ, ಆಸನ ಸರಿಯಿಲ್ಲದ್ದರಿಂದ ಬಂದದ್ದು.

ಆಸನ ಕೆಡುವುದಕ್ಕೆ ಕೆಲವೊಮ್ಮೆ ಜೀನೂ ಕಾರಣ. ಜೀನಿನ ಅತಿ ತಗ್ಗಾದ ಜಾಗ ನಡುವಿನಲ್ಲಿರಬೇಕು. ಅದು ಹಿಂದಕ್ಕೆ ಸರಿದಿದ್ದರೆ ಎಷ್ಟೇ ಪ್ರಯತ್ನಪಟ್ಟರೂ ಕಾಲು ಮುಂದಕ್ಕೆ ಹೋಗುತ್ತದೆ. ರಿಕಾಪಿನ ಪಟ್ಟಿಯನ್ನೂ ನೋಡಿ. ಕಾಲನ್ನು ಇಳಿಬಿಟ್ಟಾಗ ರಿಕಾಪಿನ ತಳ ಹೆಚ್ಚುಕಡಿಮೆ ಪಾದದ ಗಂಟಿಗೆ ಬರಬೇಕು. ಕಲಿಯುವವರು ಚಿತ್ರದಲ್ಲಿ ಕಂಡ ದೊಡ್ಡ ಸವಾರರ ಉದ್ದ ಕಾಲನ್ನು ನೋಡಿ ಪಟ್ಟಿ ಇಳಿಸಿಕೊಂಡು, ಆಮೇಲೆ ತುದಿಗಾಲಲ್ಲಿ ರಿಕಾಪನ್ನು ಹುಡುಕುತ್ತಿರುತ್ತಾರೆ. ಸೊಂಟದ ಕೀಲು ಸಡಿಲವಾದಂತೆಲ್ಲ ಕಾಲು ತಾನಾಗಿ ಉದ್ದವಾಗುತ್ತದೆ, ಪಟ್ಟಿಯನ್ನು ಆಗ ಇಳಿಸಿದರೆ ಸಾಕು.

ಇಲ್ಲೊಂದು ವಿಚಾರ ನನಗೆ ಯಾವಾಗಲೂ ಸಂತೋಷ ಕೊಡುತ್ತದೆ. ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕೂರುವವರಿಗೆ ತೊಡೆಯ ಮುಂಭಾಗದ, ಸೊಂಟದ ಮುಂಭಾಗದ ಸ್ನಾಯುಗಳು ಮೊಟಕಾಗಿರುತ್ತವೆ. ಅವರ ಮಂಡಿ ಮೇಲಕ್ಕೆ ಎಳೆದುಕೊಳ್ಳುತ್ತಲೇ ಇರುತ್ತದೆ. ಕುಕ್ಕರುಗಾಲಿನಲ್ಲಿ ಕೂತು ಕಳೆ ಕಿತ್ತು, ಚಕ್ಕಳಮಕ್ಕಳ ಹಾಕಿ ಉಂಡು ಬೆಳೆದ ಹುಡುಗ ಹುಡುಗಿಯರ ಸೊಂಟ ಅದಾಗಲೇ ಸಡಿಲ. ಕುದುರೆಯ ಬೆನ್ನು ಬೇಡುವುದನ್ನು ಅವರ ಮೈ ಅರ್ಧ ಕಲಿತೇ ಬಂದಿರುತ್ತದೆ. ಪೇಟೆಯಿಂದ ಬಂದವರು ಬೇಸರಪಡಬೇಕಿಲ್ಲ. ದಿನಾ ಹತ್ತು ನಿಮಿಷ ನೆಲದ ಮೇಲೆ ಕೂತು ಅಭ್ಯಾಸ ಮಾಡಿದರೆ ಕೆಲವು ತಿಂಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಆಸನ ಕಲಿಯುವ ಹಳೆಯ ದಾರಿಯೇ ಈಗಲೂ ಒಳ್ಳೆಯ ದಾರಿ. ವಿಯೆನ್ನಾದ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗೆ ಮೊದಲು ಲಗಾಮನ್ನೂ ಕೊಡುವುದಿಲ್ಲ, ರಿಕಾಪನ್ನೂ ಕೊಡುವುದಿಲ್ಲ. ಗುರು ನಡುವೆ ನಿಂತು ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ಸುತ್ತು ಹಾಕಿಸುತ್ತಾನೆ, ವಿದ್ಯಾರ್ಥಿ ಕೂರುವುದೊಂದನ್ನೇ ಕಲಿಯುತ್ತಾನೆ. ತಿಂಗಳುಗಟ್ಟಲೆ ಇದೇ ಪಾಠ. ನಮ್ಮಲ್ಲಿ ಎರಡನೆಯ ವಾರಕ್ಕೇ ಮಗು ಒಬ್ಬಂಟಿಯಾಗಿ ಓಡಿಸುವುದನ್ನು ಮೊಬೈಲಿನಲ್ಲಿ ಹಿಡಿಯಬೇಕೆಂದು ತಂದೆತಾಯಿ ಆಸೆಪಡುತ್ತಾರೆ. ಶಾಲೆಗಳೂ ಅದಕ್ಕೆ ಒಪ್ಪಿಬಿಡುತ್ತವೆ. ತಂದೆತಾಯಿಯರಲ್ಲಿ ನನ್ನ ಕೋರಿಕೆ: ಮಗುವನ್ನು ಹಗ್ಗದ ಪಾಠದಲ್ಲೇ ಇನ್ನೂ ಸ್ವಲ್ಪ ಕಾಲ ಇರಿಸಿ ಎಂದು ನೀವೇ ಶಾಲೆಯವರನ್ನು ಕೇಳಿ.

ಆ ಸುತ್ತಿನಲ್ಲಿ ಏನು ಮಾಡಬೇಕು? ಮೊದಲು ಬರೀ ನಡಿಗೆ. ಕುದುರೆಯ ನಡಿಗೆಗೆ ನಾಲ್ಕು ತಾಳ. ನಾಲ್ಕು ಗೊರಸೂ ಬೇರೆ ಬೇರೆಯಾಗಿ ನೆಲಕ್ಕೆ ಬೀಳುತ್ತವೆ. ಕಣ್ಣು ಮುಚ್ಚಿಕೊಂಡು, ಯಾವ ಹಿಂಗಾಲು ಮುಂದಕ್ಕೆ ಬರುತ್ತಿದೆ ಎಂದು ನಿಮ್ಮ ಸೊಂಟದಿಂದಲೇ ಹೇಳಲು ಪ್ರಯತ್ನಿಸಿ. ಎಡ ಹಿಂಗಾಲು ಮುಂದೆ ಬರುವಾಗ ಕುದುರೆಯ ಹೊಟ್ಟೆ ಬಲಕ್ಕೆ ತೂಗುತ್ತದೆ, ನಿಮ್ಮ ಎಡ ಸೊಂಟ ಸ್ವಲ್ಪ ಕೆಳಗಿಳಿಯುತ್ತದೆ, ಎಡಗಾಲು ತಾನಾಗಿ ಒಳಕ್ಕೆ ಬೀಳುತ್ತದೆ. ನೀವು ‘ಎಡ’, ‘ಬಲ’ ಎಂದು ಹೇಳುತ್ತಾ ಹೋಗಿ. ಹಗ್ಗ ಹಿಡಿದವರು ಸರಿಯೋ ತಪ್ಪೋ ಹೇಳಲಿ. ಇದು ಸರಿಹೋಗುವವರೆಗೆ ಮುಂದಿನದಕ್ಕೆ ಹೋಗಬೇಡಿ, ಏಕೆಂದರೆ ಮುಂದೆ ನಾನು ಹೇಳಲಿರುವ ಕಾಲಿನ ಸಂಜ್ಞೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಆಮೇಲೆ ಟ್ರಾಟ್, ನಮ್ಮ ಕುಕ್ಕುಲೋಟ. ಕರ್ಣದಂತೆ ಎದುರುಬದುರಾದ ಎರಡೆರಡು ಕಾಲುಗಳು ಜತೆಯಾಗಿ ಬೀಳುವ ಎರಡು ತಾಳದ ಓಟ. ಸವಾರನನ್ನು ಕುಕ್ಕುವುದು ಇದೇ. ಕುಕ್ಕಿಸಿಕೊಳ್ಳದಿರಲು ಮೈ ಬಿಗಿದರೆ ಇನ್ನೂ ಹೆಚ್ಚು ಕುಕ್ಕುತ್ತದೆ. ಉಪಾಯವಿರುವುದು ಉಸಿರಿನಲ್ಲಿ. ಹೆದರಿದವರು ಉಸಿರು ಹಿಡಿಯುತ್ತಾರೆ. ಉಸಿರು ಹಿಡಿದರೆ ಎದೆ, ಹೊಟ್ಟೆ, ತೊಡೆ ಎಲ್ಲ ಮರಗಟ್ಟುತ್ತವೆ. ಗಟ್ಟಿಯಾಗಿ ಎಣಿಸುತ್ತಾ ಸವಾರಿ ಮಾಡಿ. ಮಾತಾಡುವವರು ಉಸಿರು ಹಿಡಿಯಲಾರರು. ಮಕ್ಕಳಿಗಾದರೆ ಮಗ್ಗಿ ಹೇಳಿಸಿ. ಏಳರ ಮಗ್ಗಿ ತಪ್ಪಿಲ್ಲದೆ ಹೇಳುತ್ತಾ ಟ್ರಾಟ್‌ನಲ್ಲಿ ಒಂದು ಸುತ್ತು ಬಂದ ಮಗುವಿನ ಭುಜ ಇಳಿದಿರುತ್ತದೆ, ಮಂಡಿಯ ಬಿಗಿ ಬಿಟ್ಟಿರುತ್ತದೆ.

ಇನ್ನು ಸಂಜ್ಞೆಗಳು. ಸವಾರನಿಗಿರುವುದು ಮೂರು: ಮೈಭಾರ, ಕಾಲು, ಕೈ. ಚಾವಟಿ, ಹಿಮ್ಮಡಿಯ ಮುಳ್ಳು ಇವು ಆಮೇಲಿನವು. ಅವನ್ನು ಕಾಲು ಅಲುಗಾಡದೆ ನಿಲ್ಲುವುದನ್ನು ಕಲಿಯದವರ ಕೈಗೆ, ಕಾಲಿಗೆ ಕೊಡಲೇಬಾರದು. ಮೂರರಲ್ಲಿ ದೊಡ್ಡದು ಮೈಭಾರ. ಮೈಮೇಲೆ ಕೂತ ನೊಣ ಕುದುರೆಗೆ ತಿಳಿಯುತ್ತದೆ, ಅಷ್ಟು ಜಾಗವನ್ನು ಮಾತ್ರ ನಡುಗಿಸಿ ಅದನ್ನು ಹಾರಿಸುತ್ತದೆ. ಅಂಥ ಚರ್ಮವಿರುವ ಪ್ರಾಣಿಗೆ ನೀವು ಎಡಕ್ಕೆ ನೋಡಿದಾಗ ನಿಮ್ಮ ಎಡಮೂಳೆಯ ಮೇಲೆ ಹೆಚ್ಚುವ ಭಾರ ತಿಳಿಯದೇ ಇರುತ್ತದೆಯೇ? ಭಾರ ಎತ್ತ ವಾಲಿತೋ ಅದರ ಕೆಳಕ್ಕೆ ಬರಲು ಕುದುರೆ ಹೆಜ್ಜೆ ಹಾಕುತ್ತದೆ. ಆದ್ದರಿಂದಲೇ ವಾಲಿಕೊಂಡು ಕೂರುವ ಸವಾರ ತನಗೆ ಗೊತ್ತಿಲ್ಲದೆಯೇ ಸದಾ ತಿರುಗು ತಿರುಗು ಎಂದು ಹೇಳುತ್ತಿರುತ್ತಾನೆ, ಕೈಯಿಂದ ಮಾತ್ರ ನೇರ ಹೋಗೆನ್ನುತ್ತಿರುತ್ತಾನೆ. ನಾವೆಲ್ಲರೂ ಒಂದು ಕಡೆಗೆ ವಾಲಿದವರೇ. ಹಿಂದಿನಿಂದ ಯಾರಾದರೂ ವಿಡಿಯೊ ತೆಗೆದರೆ ಜೀನು ಯಾವ ಕಡೆ ಜಾರಿದೆ, ಯಾವ ಹಿಮ್ಮಡಿ ಮೇಲಿದೆ ಎಂಬುದು ತಕ್ಷಣ ಕಾಣುತ್ತದೆ. ಮೊಬೈಲಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಲಾಯದಲ್ಲಿಲ್ಲ.

ಕಾಲಿನ ಸಂಜ್ಞೆಗೆ ಬಲಕ್ಕಿಂತ ಹೊತ್ತು ಮುಖ್ಯ. ಎಡ ಹಿಂಗಾಲು ನೆಲ ಬಿಡುವ ಕ್ಷಣದಲ್ಲಿ ಎಡ ಮೀನಖಂಡವನ್ನು ಸ್ವಲ್ಪವೇ ಒತ್ತಿದರೆ ಆ ಕಾಲು ಇನ್ನೊಂದಿಷ್ಟು ಮುಂದಕ್ಕೆ, ಅಥವಾ ಅಡ್ಡಕ್ಕೆ ಬೀಳುತ್ತದೆ. ಅದೇ ಕಾಲು ನೆಲಕ್ಕೆ ಊರಿ ಭಾರ ಹೊತ್ತಾಗ ಎಷ್ಟು ಒದ್ದರೂ ಅದು ಎಲ್ಲಿಗೂ ಹೋಗಲಾರದು. ತಾಳ ತಪ್ಪಿ ಒದೆಯುವ ಸವಾರನ ಕುದುರೆ ಕೆಲವು ವಾರಗಳಲ್ಲಿ ಮಂದವಾಗುತ್ತದೆ. ಆ ಒದೆತಕ್ಕೆ ಅರ್ಥವಿಲ್ಲವೆಂದು ಅದು ತೀರ್ಮಾನಿಸಿರುತ್ತದೆ. ಆಮೇಲೆ ಚಾವಟಿ, ಅದಾದ ಮೇಲೆ ಮುಳ್ಳು. ಸೊಂಟದಿಂದ ಹಿಂಗಾಲನ್ನು ಎಣಿಸುವ ಪಾಠ ಬೇಕೆಂದು ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಕೊಟ್ಟ ಸಂಜ್ಞೆಯನ್ನು ನಿಲ್ಲಿಸುವುದು ಕೊಡುವುದಕ್ಕಿಂತ ದೊಡ್ಡ ಕಲೆ. ನಮ್ಮ ಸೀಮೆಯಲ್ಲಿ ಎತ್ತು ಕಟ್ಟಿ ಉತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎತ್ತು ತಿರುಗಿದ ಕೂಡಲೇ ಮೂಗುದಾರ ಸಡಿಲಾಗಬೇಕು; ತಿರುಗಿದ ಮೇಲೂ ಎಳೆಯುತ್ತಿದ್ದರೆ ಎತ್ತಿಗೆ ತಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯದು. ಕುದುರೆಯೂ ಹಾಗೆಯೇ, ಒತ್ತಡ ಹೋದಾಗ ಕಲಿಯುತ್ತದೆ. ಕಾಲು ಒತ್ತಿದಿರಿ, ಕುದುರೆ ಮುಂದೆ ನಡೆಯಿತು, ಆ ಹೆಜ್ಜೆಯಲ್ಲೇ ಕಾಲು ಸುಮ್ಮನಾಗಬೇಕು. ಲಗಾಮು ಹಿಡಿದಿರಿ, ಕುದುರೆ ವೇಗ ತಗ್ಗಿಸಿತು, ಆ ಗಳಿಗೆಯಲ್ಲೇ ಬೆರಳು ಮೃದುವಾಗಬೇಕು. ಆದರೆ ಆಸನ ನೆಲೆಯಾಗದವನು ಬಿಡಲಾರ, ಬಿಟ್ಟರೆ ಅವನೇ ಬೀಳುತ್ತಾನೆ. ಕೈಯನ್ನು ಮೃದು ಮಾಡಿಕೋ ಎಂದು ಕೂಗಿ ಕೂಗಿ ಹೇಳುವ ಶಿಕ್ಷಕರು ಈ ಒಂದು ಅಂಶವನ್ನು ಗಮನಿಸಬೇಕು. ಕೈ ಮೃದುವಾಗಬೇಕಾದರೆ ತಿದ್ದಬೇಕಾದದ್ದು ಸೊಂಟವನ್ನು.

ಕೈಯ ವಿಚಾರ ಹೆಚ್ಚು ಇಲ್ಲ. ಮೊಣಕೈ ಮಡಿಸಿ ಪಕ್ಕೆಗೆ ಹತ್ತಿರ, ಹೆಬ್ಬೆರಳು ಮೇಲೆ, ಮುಷ್ಟಿ ಮುಚ್ಚಿದ್ದು. ಮೊಣಕೈಯಿಂದ ಕಡಿವಾಣದವರೆಗೆ ಒಂದೇ ನೇರ ಗೆರೆ. ನಡಿಗೆಯಲ್ಲೂ, ಟ್ರಾಟ್‌ಗಿಂತ ವೇಗದ ಓಟವಾದ ಕ್ಯಾಂಟರ್‌ನಲ್ಲೂ ಕುದುರೆಯ ತಲೆ ಹೆಜ್ಜೆ ಹೆಜ್ಜೆಗೂ ತೂಗುತ್ತದೆ, ಅದರ ಜತೆ ಮೊಣಕೈ ತೆರೆದು ಮುಚ್ಚಬೇಕು. ಟ್ರಾಟ್‌ನಲ್ಲಿ ತಲೆ ಬಹುಮಟ್ಟಿಗೆ ಸ್ಥಿರ, ಆಗ ಕೈಯೂ ಸ್ಥಿರ. ಲಗಾಮನ್ನು ಎಳೆದು ಕುದುರೆಯ ಕತ್ತನ್ನು ಬಗ್ಗಿಸಿಬಿಟ್ಟರೆ ಡ್ರೆಸ್ಸೇಜ್ ಆಯಿತು ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಡೆ ಇದೆ. ಇದು ಪೂರ್ತಿ ತಲೆಕೆಳಗಾದ ನಂಬಿಕೆ. ಹಿಂಗಾಲುಗಳು ಹೊಟ್ಟೆಯ ಕೆಳಕ್ಕೆ ಬಂದು ಭಾರ ಹೊತ್ತಾಗ ಬೆನ್ನು ಮೇಲೇರುತ್ತದೆ, ಆಗ ಕತ್ತು ತಾನಾಗಿಯೇ ಕಮಾನಾಗುತ್ತದೆ. ನಿಯಮದ ಪ್ರಕಾರವೂ ಕುದುರೆಯ ಮೂಗು ಲಂಬರೇಖೆಗಿಂತ ಸ್ವಲ್ಪ ಮುಂದೆಯೇ ಇರಬೇಕು. ಗದ್ದ ಎದೆಗೆ ಅಂಟಿಕೊಂಡ ಕುದುರೆ ಚಂದ ಕಾಣಬಹುದು, ಅದಕ್ಕೆ ಮುಂದಿನ ದಾರಿ ಕಾಣುವುದಿಲ್ಲ.

ಬೆಂಗಳೂರಿನ ಸುತ್ತಲಿನ ಸವಾರಿ ಶಾಲೆಗಳಿಗೆ ಒಂದು ವಿಶೇಷ ಸಮಸ್ಯೆ ಇದೆ, ಅದನ್ನು ಬಿಡುವಂತಿಲ್ಲ. ಇಲ್ಲಿನ ಎಷ್ಟೋ ಕುದುರೆಗಳು ರೇಸ್‌ಕೋರ್ಸಿನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು. ಎರಡು ವರ್ಷದ ಮರಿಗಳಾಗಿದ್ದಾಗಲೇ ಓಡಲು ಕಲಿತವು. ಜಾಕಿ ರಿಕಾಪನ್ನು ಗಿಡ್ಡ ಮಾಡಿಕೊಂಡು ಬೆನ್ನಿನಿಂದ ಮೇಲೆದ್ದು ನಿಂತಿರುತ್ತಾನೆ. ಬೆನ್ನಿನ ಮೇಲೆ ಪೂರ್ತಿ ಕೂತ ಭಾರ ಈ ಕುದುರೆಗಳಿಗೆ ಹೊಸದು. ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಷ್ಟೂ ಅವು ಕಡಿವಾಣದ ಮೇಲೆ ಒರಗಿ ಜೋರಾಗಿ ಓಡಲು ಕಲಿತಿರುತ್ತವೆ. ಈಗ ಹೊಸ ವಿದ್ಯಾರ್ಥಿಯೊಬ್ಬ ಹೆದರಿ ಲಗಾಮು ಜಗ್ಗಿದರೆ ಏನಾದೀತು ಯೋಚಿಸಿ. ಅವನು ನಿಲ್ಲು ಎನ್ನುತ್ತಿದ್ದಾನೆ, ಕುದುರೆಗೆ ಕೇಳುತ್ತಿರುವುದು ಓಡು ಎಂದು. ಇಂಥ ಕುದುರೆಯನ್ನು ತರಬೇತಾದ ಸವಾರರೇ ತಿಂಗಳುಗಟ್ಟಲೆ ಮತ್ತೆ ಕಲಿಸಬೇಕು. ಮೊದಮೊದಲು ಹಗುರವಾಗಿ ಕೂತು, ಆಮೇಲೆ ಸ್ವಲ್ಪಸ್ವಲ್ಪವಾಗಿ ಭಾರ ಇಳಿಸಿ, ಕಾಲು ಸೋಕುವುದಕ್ಕೆ ಗಾಬರಿಯಾಗಬೇಕಿಲ್ಲವೆಂದು ತೋರಿಸಿ, ಉಸಿರು ಬಿಟ್ಟು ಬೆನ್ನು ನೆಟ್ಟಗಾದರೆ ನಿಲ್ಲಬೇಕೆಂದು ಅರ್ಥಮಾಡಿಸಿ. ಸಹನೆಯಿಂದ ಮಾಡಿದರೆ ಈ ಕುದುರೆಗಳು ಬಹಳ ಬೇಗ ಕಲಿಯುತ್ತವೆ. ಅವಕ್ಕೆ ಸೂಕ್ಷ್ಮ ಹೆಚ್ಚು, ಸಿಟ್ಟು ಕಡಿಮೆ. ರೇಸಿನಿಂದ ಬಂದ ವಾರಕ್ಕೇ ಮಕ್ಕಳ ಕೈಗೆ ಕೊಡುವುದು ಇಬ್ಬರಿಗೂ ಮಾಡುವ ಅನ್ಯಾಯ.

ಕಾಲಿನ ಬಲವೂ ಇಲ್ಲದೆ, ಕೈಯ ಬಲವೂ ಇಲ್ಲದೆ ಬರೀ ಆಸನದಿಂದ ಎಷ್ಟು ಸಾಧ್ಯ ಎಂಬುದಕ್ಕೆ ಸಾಕ್ಷಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್. 1944ರಲ್ಲಿ, 23ರ ವಯಸ್ಸಿನಲ್ಲಿ, ಬಸುರಿಯಾಗಿದ್ದಾಗ ಆಕೆಗೆ ಪೋಲಿಯೊ ಬಡಿಯಿತು. ಮಗು ಕ್ಷೇಮವಾಗಿ ಹುಟ್ಟಿತು. ಆದರೆ ಆಕೆಯ ಮಂಡಿಯ ಕೆಳಗೆ ಶಕ್ತಿ ಮತ್ತೆ ಬರಲಿಲ್ಲ. ಜೀನಿಗೆ ಹತ್ತಿಸಬೇಕು, ಇಳಿಸಬೇಕು. ಜ್ಯುಬಿಲಿ ಎಂಬ ತನ್ನ ಹೆಣ್ಣುಕುದುರೆಗೆ ಆಕೆ ಮೈಭಾರವನ್ನು ಗುರುತಿಸುವುದನ್ನು ಕಲಿಸಿದಳು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ, ಗಂಡಸರ ಜತೆಗೇ ಸ್ಪರ್ಧಿಸಿ ಬೆಳ್ಳಿ. 1956ರಲ್ಲಿ ಮತ್ತೊಂದು ಬೆಳ್ಳಿ. ಮೀನಖಂಡದಿಂದ ಒತ್ತಲಾಗದ ಹೆಂಗಸು ಜಗತ್ತಿಗೆ ಎರಡನೆಯವಳಾಗಿ ನಿಂತಳು ಅಂದಮೇಲೆ, ಎರಡು ಗಟ್ಟಿ ಕಾಲಿರುವ ನಾವು ಕುದುರೆಯನ್ನು ಒದ್ದು ಒದ್ದು ನಡೆಸುವುದಕ್ಕೆ ಏನು ಸಮಾಧಾನ ಹೇಳೋಣ?

1952ಕ್ಕೆ ಇನ್ನೊಂದು ಮಹತ್ವವಿದೆ. ಅದಕ್ಕೆ ಮುಂಚೆ ಒಲಿಂಪಿಕ್ಸ್ ಡ್ರೆಸ್ಸೇಜ್‌ನಲ್ಲಿ ಸೇನಾಧಿಕಾರಿಗಳಿಗೆ ಮಾತ್ರ ಅವಕಾಶ. ಹೆಂಗಸರೂ ಇಲ್ಲ, ಸಾಮಾನ್ಯ ಸೈನಿಕರೂ ಇಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ ತಂಡ ಚಿನ್ನ ಗೆದ್ದಿತ್ತು. ತಂಡದ ಗೆನಾಲ್ ಪೆರ್ಸನ್ ನಿಜವಾಗಿ ಸಾರ್ಜೆಂಟ್, ಸ್ಪರ್ಧೆಗೆಂದು ಅವನಿಗೆ ಅಧಿಕಾರಿಯ ಪದವಿ ಕೊಟ್ಟಿದ್ದರು ಎಂಬುದು ಆಮೇಲೆ ಬಯಲಾಗಿ ಚಿನ್ನವನ್ನೇ ಕಿತ್ತುಕೊಂಡರು. ಕುದುರೆಯ ಮೇಲೆ ಅವನು ಮಾಡಿದ್ದರಲ್ಲಿ ಯಾವ ದೋಷವೂ ಇರಲಿಲ್ಲ, ಭುಜದ ಪಟ್ಟಿ ಸಣ್ಣದು, ಅಷ್ಟೇ. ನಿಯಮ ಬದಲಾದ ಮೇಲೆ ಹೆಲ್ಸಿಂಕಿಯಲ್ಲಿ ಅದೇ ಪೆರ್ಸನ್ ಇದ್ದ ಸ್ವೀಡನ್ ತಂಡ ಚಿನ್ನ ಗೆದ್ದಿತು.

ನಮ್ಮಲ್ಲಿಯೂ ಹಾಗೆ ನೋಡಿದರೆ ಕುದುರೆಯನ್ನು ಚೆನ್ನಾಗಿ ಬಲ್ಲವರಲ್ಲಿ ಬಹಳ ಜನ ಬಡಮನೆಗಳಿಂದ ಬಂದವರೇ. 1982ರಲ್ಲಿ ದೆಹಲಿಯಲ್ಲಿ ಈವೆಂಟಿಂಗ್ ಚಿನ್ನ ಗೆದ್ದ ರಘುಬೀರ್ ಸಿಂಗ್ ರಾಜಸ್ಥಾನದ ಹಳ್ಳಿಯಿಂದ ಬಂದು 61ನೆಯ ಅಶ್ವದಳ ಸೇರಿದವರು. ಇನ್ನೂ ಹಿಂದಕ್ಕೆ, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಇತ್ತು. ಒಂದು ಕೈಯಲ್ಲಿ ಭರ್ಜಿ ಹಿಡಿದ ರಾವುತನಿಗೆ ಲಗಾಮಿಗೆ ಉಳಿಯುವುದು ಒಂದೇ ಕೈ. ಉಳಿದದ್ದನ್ನೆಲ್ಲ ಸೊಂಟ, ತೊಡೆ ಹೇಳಬೇಕು. ಅದಕ್ಕೂ ಹಿಂದೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಕುದುರೆ ಸವಾರಿಯನ್ನು, ಕುದುರೆಯ ಮೇಲಿನ ಚೆಂಡಾಟವನ್ನು ವಿವರಿಸಿದ್ದಾನೆ. ಕುದುರೆಯ ಶಾಸ್ತ್ರವನ್ನು ಕನ್ನಡದಲ್ಲೇ ಬರೆದವರೂ ಇದ್ದರು. ಅಭಿನವಚಂದ್ರನ ಅಶ್ವವೈದ್ಯ, ಮೈಸೂರಿನ ಚಾಮರಾಜ ಒಡೆಯರ ಕಾಲದ ಪದ್ಮಣ ಪಂಡಿತನ ಹಯಸಾರ ಸಮುಚ್ಚಯ ಅಂಥವು. ಇಷ್ಟೆಲ್ಲ ಇದ್ದ ನಾಡಿನಲ್ಲಿ ಈಗ ಸವಾರಿಯ ಪಾಠ ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತದೆ. ಕಟಕಟೆಯ ಆಚೆ ನಿಂತ ಸೈಸ್ ಹುಡುಗ ಅದನ್ನು ಕೇಳಿಸಿಕೊಳ್ಳುತ್ತಾನೆ, ಅರ್ಧ ಹಿಡಿಯುತ್ತಾನೆ, ಅರ್ಧ ಜಾರುತ್ತದೆ.

ಸವಾರಿ ಶಾಲೆ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಲಾಯದ ಹುಡುಗರು ಕುದುರೆಯ ಕಿವಿ ನೋಡಿ ಅದರ ಮನಸ್ಸು ಹೇಳುತ್ತಾರೆ. ಮೇವು ಬಿಟ್ಟರೆ ಹೊಟ್ಟೆನೋವೋ ಬೇಸರವೋ ಎಂದು ಗುರುತಿಸುತ್ತಾರೆ. ಕುದುರೆಯನ್ನು ನೀರಿಗೆ, ವ್ಯಾಯಾಮಕ್ಕೆ ಒಯ್ಯುವಾಗ ಜೀನಿಲ್ಲದೆಯೇ ಹತ್ತಿ ಹೋಗುತ್ತಾರೆ, ಆಸನ ಅವರಲ್ಲಿ ಆಗಲೇ ಇದೆ. ಅದಕ್ಕೆ ಕ್ರಮ ಕೊಡಿ. ಮಧ್ಯಾಹ್ನ ಕುದುರೆಗಳು ಮೇವು ತಿಂದು ವಿಶ್ರಮಿಸಿದ ಮೇಲೆ, ಸಂಜೆಯ ತರಗತಿ ಶುರುವಾಗುವ ಮುಂಚೆ, ವಾರಕ್ಕೆ ಎರಡು ಸಲ, ಅರ್ಧ ಗಂಟೆ. ಹುಡುಗರಿಗಷ್ಟೇ ಅಲ್ಲ, ಊರಿನ ಹುಡುಗಿಯರಿಗೂ. ಕ್ರೀಡೆಗಳಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲದೆ ಒಲಿಂಪಿಕ್ಸ್‌ವರೆಗೂ ಒಟ್ಟಿಗೆ ಸ್ಪರ್ಧಿಸುವುದು ಇದೊಂದರಲ್ಲೇ ಎಂದರೆ ತಪ್ಪಾಗದು. ಪಾಠ ಕನ್ನಡದಲ್ಲಿರಲಿ. ಮೊದಲ ಮೂರು ತಿಂಗಳು ರಿಕಾಪು ಬೇಡ, ಲಗಾಮು ಬೇಡ. ಜೀನಿನ ಮುಂಭಾಗಕ್ಕೆ ಹಿಡಿದುಕೊಳ್ಳಲು ಒಂದು ಚರ್ಮದ ಪಟ್ಟಿ ಕಟ್ಟಿದರೆ ಸಾಕು. ಹೆಲ್ಮೆಟ್ ಮಾತ್ರ ತಪ್ಪದೆ ಇರಬೇಕು, ದಿನಾ ಕುದುರೆಯ ಜತೆ ಇರುವವರಿಗೆ ಅದು ಬೇಡವೆಂಬ ಉದಾಸೀನ ನಮ್ಮ ಲಾಯಗಳಲ್ಲಿ ಇನ್ನೂ ಹೋಗಿಲ್ಲ.

ಸಮೇತನಹಳ್ಳಿಯ ಕಡೆಯಿಂದಲೋ, ಹೊಸಕೋಟೆಯ ಬೇರೆ ಊರುಗಳಿಂದಲೋ ಈ ಮಾತು ಕೇಳುತ್ತಿರುವ ಸೈಸ್ ಗೆಳೆಯರೇ, ಶಾಲೆಯವರು ಒಪ್ಪುವವರೆಗೆ ಕಾಯಬೇಕಿಲ್ಲದ ಕೆಲಸವೊಂದಿದೆ. ನಾಳೆ ಬೆಳಗ್ಗೆ ಕುದುರೆಯನ್ನು ನಡಿಗೆಗೆ ಒಯ್ಯುವಾಗ ಅದರ ಪಕ್ಕದಲ್ಲಿ ನಡೆಯುತ್ತಾ ಹಿಂಗಾಲು ನೋಡಿ. ಕಾಲು ಮುಂದೆ ಬಂದಾಗ ಹೊಟ್ಟೆ ಎತ್ತ ತೂಗುತ್ತದೆ ಎಂಬುದನ್ನು ಕೈ ಇಟ್ಟು ತಿಳಿದುಕೊಳ್ಳಿ. ಎಡ, ಬಲ, ಎಡ, ಬಲ ಎಂದು ಬಾಯಲ್ಲಿ ಹೇಳಿಕೊಳ್ಳಿ. ಅದು ಕೈಗೆ ಬಂದ ಮೇಲೆ ಹತ್ತಿ ಕೂತು ಕಣ್ಣುಮುಚ್ಚಿ ಅದನ್ನೇ ಹೇಳಿ, ಜತೆಗಿರುವವರು ಕುದುರೆಯನ್ನು ಹಿಡಿದು ನಡೆಸಲಿ.